ಅಮೆರಿಕನ್ ಸಾಹಿತ್ಯದ ಕಾಲಘಟ್ಟಗಳನ್ನು ಕ್ರಮವಾಗಿ ಬಾಯಿಪಾಠ ಮಾಡುವುದು ಹೇಗೆ?

ನೆಟ್ ಪರೀಕ್ಷೆಗೆ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಓದುತ್ತಿದ್ದೀರಿ, ಪ್ಯೂರಿಟನ್ನರಿಂದ ಪೋಸ್ಟ್‌ಮಾಡರ್ನಿಸಂವರೆಗಿನ ಪಟ್ಟಿ ತಲೆಯಲ್ಲಿ ನಿಲ್ಲುತ್ತಿಲ್ಲ ಎಂದಿದ್ದೀರಿ. ನಾನೂ ಅಂಥ ಪಟ್ಟಿ ಹಿಡಿದೇ ಓದಿದವನು, ಹಾಗಾಗಿ ನೇರವಾಗಿ ಹೇಳುತ್ತೇನೆ: ಅದನ್ನು ಬಾಯಿಪಾಠ ಮಾಡಲು ಹೋಗಬೇಡಿ. ಅಂಕ ಕೈತಪ್ಪುವುದು ಪಟ್ಟಿ ಮರೆತಾಗ ಅಲ್ಲ. ಕೃತಿ ಬರೆದ ವರ್ಷ, ಅಚ್ಚಾದ ವರ್ಷ, ಅದಕ್ಕೆ ‘ರೊಮ್ಯಾಂಟಿಕ್’, ‘ರಿಯಲಿಸಂ’ ಎಂಬಂಥ ಕಾಲಘಟ್ಟದ ಹಣೆಪಟ್ಟಿ ಬಿದ್ದ ವರ್ಷ ಮೂರೂ ಒಂದೇ ಎಂದುಕೊಂಡಾಗ.

ಕವಿ ಎಮಿಲಿ ಡಿಕಿನ್ಸನ್‌ರನ್ನೇ ನೋಡಿ. ಕವಿತೆಗಳಲ್ಲಿ ಬಹುಪಾಲು ಬರೆದದ್ದು 1860ರ ದಶಕದ ಮೊದಲರ್ಧದಲ್ಲಿ, ಅಂತರ್ಯುದ್ಧ ನಡೆಯುತ್ತಿದ್ದಾಗ. ಬದುಕಿದ್ದಾಗ ಅಚ್ಚಾದದ್ದು ಹತ್ತರ ಆಸುಪಾಸು. 1886ರಲ್ಲಿ ತೀರಿಕೊಂಡ ಮೇಲೆ, ಅವರೇ ಸೂಜಿದಾರದಲ್ಲಿ ಹೊಲಿದಿಟ್ಟಿದ್ದ ನಲವತ್ತು ಪುಟ್ಟ ಹೊತ್ತಿಗೆಗಳು ತಂಗಿ ಲವಿನಿಯಾಗೆ ಸಿಕ್ಕವು. 1890ರಲ್ಲಿ ಮೇಬಲ್ ಲೂಮಿಸ್ ಟಾಡ್ ಮತ್ತು ಹಿಗಿನ್ಸನ್ ಮೊದಲ ಸಂಕಲನ ತಂದರು. ಆದರೆ ಪದಗಳ ನಡುವೆ ಡಿಕಿನ್ಸನ್ ಎಳೆದಿದ್ದ ಅಡ್ಡಗೆರೆಗಳನ್ನು (ಡ್ಯಾಶ್) ತೆಗೆದರು, ಪ್ರಾಸ ತಿದ್ದಿದರು, ಇಲ್ಲದ ಶೀರ್ಷಿಕೆ ಕೊಟ್ಟರು. ‘ಬಿಕಾಸ್ ಐ ಕುಡ್ ನಾಟ್ ಸ್ಟಾಪ್ ಫಾರ್ ಡೆತ್’ ಅಲ್ಲಿ ‘ದಿ ಚಾರಿಯಟ್’ ಆಯಿತು, ಅದರ ನಾಲ್ಕನೆಯ ಚರಣವೇ ಬಿಟ್ಟುಹೋಯಿತು. ಅಡ್ಡಗೆರೆಗಳ ಸಮೇತ 1775 ಕವಿತೆಗಳನ್ನು ಸಂಪಾದಕ ಥಾಮಸ್ ಜಾನ್ಸನ್ ಕೊಟ್ಟದ್ದು 1955ರಲ್ಲಿ. ಈಗ ಹೇಳಿ, ಇವರನ್ನು ಯಾವ ಖಾನೆಗೆ ಹಾಕುತ್ತೀರಿ? ಬರೆದದ್ದು ರೊಮ್ಯಾಂಟಿಕ್ ಘಟ್ಟದ ಕೊನೆಯಲ್ಲಿ, ಅಚ್ಚಾದದ್ದು ರಿಯಲಿಸಂ ದಿನಗಳಲ್ಲಿ, ಅವರು ಬರೆದಂತೆಯೇ ಓದುಗರ ಕೈಗೆ ಬಂದದ್ದು ಮಾಡರ್ನಿಸಂ ಆದಮೇಲೆ. ಗೈಡ್ ಇವರನ್ನು ಒಂದೇ ಸಾಲಿನಲ್ಲಿ ‘ರೊಮ್ಯಾಂಟಿಕ್’ ಎಂದು ಮುಗಿಸಿಬಿಡುತ್ತದೆ.

ಕಾದಂಬರಿಕಾರ ಮೆಲ್ವಿಲ್‌ರದ್ದೂ ಇದೇ ಕಥೆ. ‘ಮೊಬಿ ಡಿಕ್’ 1851. ಅವರು ಸತ್ತದ್ದು 1891ರಲ್ಲಿ, ಹೆಚ್ಚುಕಡಿಮೆ ಯಾರಿಗೂ ನೆನಪಿಲ್ಲದವರಾಗಿ. ‘ಬಿಲ್ಲಿ ಬಡ್’ ಅಚ್ಚಾದದ್ದು 1924ರಲ್ಲಿ. ಪ್ರಕಟಣೆಯ ಕ್ರಮದಲ್ಲಿ ಜೋಡಿಸಿ ಎಂದು ಕೇಳಿದರೆ ಅದು ಎಲಿಯಟ್‌ರ ‘ದಿ ವೇಸ್ಟ್ ಲ್ಯಾಂಡ್’ (1922) ಆದಮೇಲೆ ಬರಬೇಕು. ‘ಹತ್ತೊಂಬತ್ತನೇ ಶತಮಾನದ ಲೇಖಕ’ ಎಂಬ ನೆನಪಿನ ಮೇಲೆ ಉತ್ತರ ಬರೆಯುವವರು ಎಡವುವುದು ಇಲ್ಲೇ.

ಹಣೆಪಟ್ಟಿಯ ವಿಷಯಕ್ಕೆ ಬಂದರೆ, ‘ಅಮೆರಿಕನ್ ರಿನೈಸಾನ್ಸ್’ ಎಂಬ ಹೆಸರು ನೆಲೆಯೂರಿದ್ದು ವಿಮರ್ಶಕ ಮ್ಯಾಥಿಸನ್‌ರ 1941ರ ಪುಸ್ತಕದಿಂದ. ಎಮರ್ಸನ್, ಥೋರೋ, ಹಾಥಾರ್ನ್, ಮೆಲ್ವಿಲ್, ವಿಟ್ಮನ್ ಈ ಐವರನ್ನು, ಮುಖ್ಯವಾಗಿ 1850ರಿಂದ 55ರವರೆಗಿನ ಅವರ ಕೃತಿಗಳನ್ನು ಮ್ಯಾಥಿಸನ್ ಆರಿಸಿಕೊಂಡರು. ಅದೇ ಅವಧಿಯಲ್ಲಿ ದೇಶವೆಲ್ಲ ಓದಿದ ಸ್ಟೋವ್‌ರ ‘ಅಂಕಲ್ ಟಾಮ್ಸ್ ಕ್ಯಾಬಿನ್’ (1852) ಅವರ ಆಯ್ಕೆಯಲ್ಲಿಲ್ಲ. ಫ್ರೆಡರಿಕ್ ಡಗ್ಲಸ್‌ರ ಆತ್ಮಕಥನ (1845) ಕೂಡ ಇಲ್ಲ. ಹಾಗಾಗಿ ಇದನ್ನು ಕಾಲದ ಹೆಸರು ಎನ್ನುವುದಕ್ಕಿಂತ ಒಬ್ಬ ವಿಮರ್ಶಕರ ಆಯ್ಕೆ ಎನ್ನುವುದೇ ಸರಿ. ಹಾರ್ಲೆಮ್ ರಿನೈಸಾನ್ಸ್‌ಗೆ (1920ರ ದಶಕದ ಆಫ್ರಿಕನ್ ಅಮೆರಿಕನ್ ಲೇಖಕರ ಚಳವಳಿ) ಬೇರೆ ಅಧ್ಯಾಯ ಮಾಡುವುದೂ ನನಗೆ ಒಪ್ಪಿಗೆಯಿಲ್ಲ. ಅಲೇನ್ ಲಾಕ್‌ರ ‘ದಿ ನ್ಯೂ ನೀಗ್ರೋ’ ಮತ್ತು ಫಿಟ್ಜ್‌ಜೆರಾಲ್ಡ್‌ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಎರಡೂ ಬಂದದ್ದು 1925ರಲ್ಲಿ. ಅಕ್ಕಪಕ್ಕ ಇಟ್ಟು ಓದಿ.

ರಿಯಲಿಸಂ, ನ್ಯಾಚುರಲಿಸಂಗಳಿಗೆ ಅಷ್ಟು ಒದ್ದಾಡಬೇಕಿಲ್ಲ. ಹೋವೆಲ್ಸ್, ಜೇಮ್ಸ್ ಅವರ ಪಾತ್ರಗಳ ಕೈಯಲ್ಲಿ ತೀರ್ಮಾನ ಇರುತ್ತದೆ. ಕ್ರೇನ್, ನಾರಿಸ್, ಡ್ರೈಸರ್ ಅವರ ಪಾತ್ರಗಳನ್ನು ಪರಿಸರವೂ ಹುಟ್ಟೂ ಎಳೆದೊಯ್ಯುತ್ತವೆ.

ಇನ್ನು ಮಾಡಬೇಕಾದ್ದು. ಉದ್ದನೆಯ ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಮೂರು ಸಾಲು ಎಳೆಯಿರಿ. ಮೇಲಿನದರಲ್ಲಿ ಘಟನೆಗಳು: 1776 (ಸ್ವಾತಂತ್ರ್ಯ ಘೋಷಣೆ), 1861–65 (ಅಂತರ್ಯುದ್ಧ), 1929 (ಷೇರುಪೇಟೆ ಕುಸಿತ). ನಡುವೆ ಅಚ್ಚಾದ ವರ್ಷದಡಿ ಕೃತಿಗಳು, ಮೊದಲಿಗೆ ಮೂವತ್ತು ಸಾಕು. ಕೆಳಗಿನದರಲ್ಲಿ ಹಣೆಪಟ್ಟಿಗಳು, ಪೆನ್ಸಿಲಿನಲ್ಲಿ. ಬರೆದದ್ದಕ್ಕೂ ಅಚ್ಚಾದದ್ದಕ್ಕೂ ಹತ್ತು ವರ್ಷಕ್ಕಿಂತ ಹೆಚ್ಚು ಅಂತರವಿದ್ದರೆ ಬಾಣದ ಗುರುತು ಹಾಕಿ. ಪರಿಷ್ಕರಣೆಗಳಿದ್ದರೆ ಮೊದಲ ಮತ್ತು ಕೊನೆಯ ವರ್ಷ ಎರಡೂ ಬೇಕು: ವಿಟ್ಮನ್‌ರ ‘ಲೀವ್ಸ್ ಆಫ್ ಗ್ರಾಸ್’ 1855ರಲ್ಲಿ ಹನ್ನೆರಡು ಕವಿತೆಗಳ ಪುಸ್ತಕ, ಮುಖಪುಟದಲ್ಲಿ ಕವಿಯ ಹೆಸರೂ ಇರಲಿಲ್ಲ, ಕೊನೆಯ ಆವೃತ್ತಿ 1891–92ರದ್ದು. ‘ಹಕಲ್‌ಬೆರಿ ಫಿನ್’ ಲಂಡನ್ನಿನಲ್ಲಿ 1884ರ ಡಿಸೆಂಬರಿನಲ್ಲಿ ಬಂತು, ಅಮೆರಿಕದಲ್ಲಿ 1885ರ ಫೆಬ್ರವರಿಯಲ್ಲಿ. ಬೇರೆ ಬೇರೆ ಗೈಡುಗಳಲ್ಲಿ ಬೇರೆ ಬೇರೆ ವರ್ಷ ಕಂಡರೆ ಗಾಬರಿಯಾಗದೆ ಎರಡನ್ನೂ ಬರೆದುಕೊಳ್ಳಿ.