ಇಂಟರ್ನಲ್ ಟೆಸ್ಟಿನಲ್ಲಿ ಹೆಚ್ಚುವರಿ ಸಮಯಕ್ಕೆ ಮೇಷ್ಟ್ರು ಒಪ್ಪದಿದ್ದರೆ

ದೃಷ್ಟಿದೋಷಕ್ಕೆ ಮುಖ್ಯ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆ, ಇಂಟರ್ನಲ್ ಟೆಸ್ಟಿಗೆ ಮಾತ್ರ ಮೇಷ್ಟ್ರು "ಉಳಿದವರಿಗೆ ಅನ್ಯಾಯ" ಅನ್ನುತ್ತಾರೆ ಅಂದಿರಿ. ಇದು ಬಹುಶಃ ಹಠ ಅಲ್ಲ, ಹೆದರಿಕೆ. ಕೈಯಲ್ಲಿ ಆದೇಶ ಇಲ್ಲದೆ ಸಮಯ ಕೊಟ್ಟರೆ ನಾಳೆ ಯಾರು ಉತ್ತರ ಹೇಳೋದು ಅಂತ. ನಾನೂ ಮೇಷ್ಟ್ರೇ, ನನಗೂ ಮೊದಲು ಹಾಗೇ ಅನ್ನಿಸಿತ್ತು.

ಸುಮ್ನೆ ಅವರ ಹತ್ತಿರ ವಾದಕ್ಕೆ ಹೋಗಬೇಡಿ. ಮೊದಲು ಅರ್ಜಿ ಬರೆದು, ಯುಡಿಐಡಿ ಕಾರ್ಡಿನ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಜೆರಾಕ್ಸ್ ಲಗತ್ತಿಸಿ, ವಿಭಾಗದ ಮುಖ್ಯಸ್ಥರ ಮೂಲಕ ಪ್ರಿನ್ಸಿಪಾಲರಿಗೆ ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಉಲ್ಲೇಖಿಸಿ. ಹೆಚ್ಚುವರಿ ಸಮಯದ ಮಾತು ಅದರಲ್ಲೇ ಇದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಒಂದೂವರೆ ಗಂಟೆಯ ಟೆಸ್ಟಿಗೆ ಅರ್ಧ ಗಂಟೆ ಜಾಸ್ತಿ. ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. "ನೋಡೋಣ" ಅಂದರೆ ಎದ್ದು ಬರಬೇಡಿ.

ಆದೇಶ ಬಂದ ಮೇಲೆ ಮೇಷ್ಟ್ರನ್ನು ಒಬ್ಬರೇ ಇದ್ದಾಗ ಕಂಡು, ಯಾವ ಕೊಠಡಿ, ಯಾರ ಮೇಲ್ವಿಚಾರಣೆ ಅಂತ ಮಾತಾಡಿ. ಎಷ್ಟೋ ಸಲ ನಿಜವಾದ ತೊಡಕು ಇಲ್ಲೇ ಇರುತ್ತದೆ. ನಮ್ಮಲ್ಲಿ ಅದೇ ಕೊಠಡಿಯಲ್ಲಿ ಮುಂದಿನ ಪೀರಿಯಡ್ ಇತ್ತು ಅಷ್ಟೇ. ಲೈಬ್ರರಿಯ ಕಿಟಕಿ ಪಕ್ಕದ ಟೇಬಲ್ಲಿಗೆ ಕೂರಿಸಿದೆವು, ಮುಗಿಯಿತು.

ಪ್ರಿನ್ಸಿಪಾಲರೂ ಸುಮ್ಮನಾದರೆ, ಸೀಲು ಬಿದ್ದ ಆ ಪ್ರತಿ ಇಟ್ಟುಕೊಂಡೇ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ.