ಕಾಲು ನೋವಿಗೆ ಬಿಸಿಎಎ ಬೇಕಾ?

ಸ್ಕ್ವಾಟ್ಸ್ ಮಾಡಿದ ಎರಡನೇ ದಿನ ಮೆಟ್ಟಿಲು ಇಳಿಯೋಕೂ ಆಗಲ್ಲ, ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಜೊತೆ ಬಿಸಿಎಎ ಕೂಡ ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ ಅಂತಲೇ ಹೇಳುತ್ತೇನೆ. ಬಿಸಿಎಎ ಅಂದರೆ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೊ ಆಮ್ಲಗಳು (ಪ್ರೋಟೀನ್ ಕಟ್ಟುವ ಚಿಕ್ಕ ಘಟಕಗಳು). ಆ ಮೂರೂ ನಿಮ್ಮ ವೇ ಪುಡಿಯಲ್ಲೇ ಇವೆ. ಸುಮ್ನೆ ಇನ್ನೊಂದು ಡಬ್ಬಕ್ಕೆ ದುಡ್ಡು ಯಾಕೆ? ದಿನದ ಒಟ್ಟು ಪ್ರೋಟೀನ್ ದೇಹದ ತೂಕದ ಪ್ರತಿ ಕಿಲೋಗೆ 1.6 ಗ್ರಾಂ ಆಸುಪಾಸು ಇದ್ದರೆ ಸಾಕು (ಕಿಡ್ನಿ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ).

ಈ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ಜಾಸ್ತಿಯಾಗಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಸದ್ಯ ಸೆಟ್ ಕಡಿಮೆ ಮಾಡಿ, ನಿಧಾನವಾಗಿ ಏರಿಸಿ. ಸ್ನಾಯು ಬೇಗ ಒಗ್ಗಿಕೊಳ್ಳುತ್ತದೆ. ಆದರೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ದಯವಿಟ್ಟು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.