ಪಂಚೆ ಹರಿದಂತೆ ಕಾಣುವುದಕ್ಕೆ, ಸೀರೆ ಮಸುಕಾಗುವುದಕ್ಕೆ ಕಾರಣ
ಡೊಂಬಿವಲಿಯ ತಮ್ಮ ಕೇಳಿದ್ದು ಇಷ್ಟು: ರಾಜ್ಯೋತ್ಸವಕ್ಕೆಂದು ನಮ್ಮ ಹುಡುಗರ ಫೈವ್‌ಎಂ (ಜಿಟಿಎ 5 ಆಟವನ್ನು ಸ್ವಂತ ಸರ್ವರ್‌ನಲ್ಲಿ ಆಡಿಸುವ ತಂತ್ರಾಂಶ) ಸರ್ವರ್‌ಗೆ ಪಂಚೆ, ಶಲ್ಯ, ಇಳಕಲ್ ಸೀರೆ ಸೇರಿಸಿದ್ದಾರೆ. ನಡೆಯುವಾಗ ಪಂಚೆ ಕಾಲುಗಳ ನಡುವೆ ಹರಿದಂತೆ ಕಾಣುತ್ತದೆ, ಕೆಲವರಿಗೆ ಸೀರೆ ಮಸುಕು, ಮೊದಲು ಉಳಿಸಿಟ್ಟ ಉಡುಪುಗಳೆಲ್ಲ ಅದಲುಬದಲು. ಫೋಲ್ಡರ್, ಮ್ಯಾನಿಫೆಸ್ಟ್ (ಪ್ಯಾಕಿನಲ್ಲಿ ಏನಿದೆ ಎಂದು ಸರ್ವರ್‌ಗೆ ಹೇಳುವ ಫೈಲ್) ನಾನು ನೋಡಿದೆ, ಸರಿಯಾಗಿಯೇ ಇವೆ. ಅವುಗಳನ್ನು ಮತ್ತೆ ಮುಟ್ಟಬೇಡಿ.

ಪಂಚೆಗೆ ನೀವು ಪ್ಯಾಂಟಿನ ವೆಯ್ಟ್, ಅಂದರೆ ಬಟ್ಟೆಯ ಯಾವ ಬಿಂದು ಯಾವ ಮೂಳೆಯೊಂದಿಗೆ ಎಷ್ಟು ಚಲಿಸಬೇಕೆಂಬ ಲೆಕ್ಕ, ನಕಲು ಮಾಡಿದ್ದೀರಿ. ಪ್ಯಾಂಟಿನಲ್ಲಿ ಎಡಗಾಲಿನ ಬಟ್ಟೆ ಎಡ ತೊಡೆಯ ಮೂಳೆಯ ಹಿಂದೆ ಹೋಗುತ್ತದೆ, ಬಲಗಾಲಿನದು ಬಲ ತೊಡೆಯ ಹಿಂದೆ. ಪಂಚೆಯ ನಿರಿಗೆ ಇರುವುದು ನಟ್ಟನಡುವೆ. ಅಲ್ಲಿ ಒಂದು ಬಿಂದು ಎಡಕ್ಕೆ, ಪಕ್ಕದ್ದು ಬಲಕ್ಕೆ ಎಳೆದರೆ ಬಟ್ಟೆ ಸೀಳಲೇಬೇಕು. 3ಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ, ಈ ಆಟದ ಫೈಲ್ ತೆರೆಯುವ ಸೊಲ್ಲಮ್ಸ್ ಆಡ್‌ಆನ್ ಮೂಲಕ ಆಟದ್ದೇ ಒಂದು ಸ್ಕರ್ಟ್ ತೆರೆದು ಅದರ ವೆಯ್ಟ್ ಹೇಗಿದೆ ನೋಡಿ. ನಿರಿಗೆಗೆ ಎರಡೂ ತೊಡೆಯಿಂದ ಅರ್ಧರ್ಧ ಕೊಡಿ, ಬದಿಗೆ ಸರಿದಂತೆ ನಿಧಾನವಾಗಿ ಒಂದೇ ಕಾಲಿಗೆ ಬಿಡಿ. ಬಟ್ಟೆಯೊಳಗೆ ಕಾಣದ ಕಾಲಿನ ಮೆಶ್ (3ಡಿ ಆಕಾರ) ಅಳಿಸಿಬಿಡಿ, ಇಲ್ಲದಿದ್ದರೆ ಓಡುವಾಗ ಮೊಣಕಾಲು ಹೊರಗೆ ಇಣುಕುತ್ತದೆ. ಬೈಕ್ ಮೇಲೆ ಕೂರಿಸಿ ನೋಡದೆ ಮುಗಿಯಿತು ಎನ್ನಬೇಡಿ.

ಸೀರೆಯ ವಿಷಯಕ್ಕೆ ನನಗೆ ಇಂದಿಗೂ ಬೇಸರವಿದೆ, ಏಕೆಂದರೆ ಕಳೆದ ಸಲ ನಾನೂ ಇದನ್ನೇ ಮಾಡಿದ್ದೆ. ಅಂಚಿನ ಕುಸುರಿ ಚೆನ್ನಾಗಿ ಕಾಣಲಿ ಎಂದು 4096 ಪಿಕ್ಸೆಲ್ ಅಳತೆಯ ಟೆಕ್ಸ್ಚರ್ (ಬಟ್ಟೆಯ ಮೇಲೆ ಹೊದಿಸುವ ಚಿತ್ರ) ಹಾಕಿದೆ. ಚಿತ್ರ ಕುಗ್ಗಿಸಿಡುವ ಡಿಎಕ್ಸ್‌ಟಿ5 ವಿಧಾನದಲ್ಲಿ ಅಂಥದ್ದೊಂದಕ್ಕೆ 16 ಎಂಬಿ, ಮಿಪ್‌ಮ್ಯಾಪ್ (ದೂರದಿಂದ ನೋಡಲು ಬೇಕಾದ ಚಿಕ್ಕ ಪ್ರತಿಗಳು) ಸೇರಿದರೆ 21 ದಾಟುತ್ತದೆ. ಐದು ಬಣ್ಣಕ್ಕೆ ನೂರಕ್ಕೂ ಹೆಚ್ಚು. ಆ ಸೀರೆ ನೋಡಬೇಕಾದ ಪ್ರತಿಯೊಬ್ಬರೂ ಅದನ್ನು ಇಳಿಸಿಕೊಳ್ಳಬೇಕು. ಅಂಬರನಾಥದ ಹುಡುಗನೊಬ್ಬ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಕಾಯುತ್ತಲೇ ಇದ್ದ, ಅಷ್ಟರಲ್ಲಿ ನಮ್ಮ ಮೆರವಣಿಗೆ ಮುಗಿದಿತ್ತು. ಸೇರಿಕೊಂಡವರಲ್ಲೂ ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರ ಮೆಮೊರಿ ಸಾಲದೆ ಸೀರೆ ಮಸುಕಾಗಿಯೇ ಉಳಿಯಿತು. ನಿಮ್ಮಲ್ಲೂ ಆಗಿರುವುದು ಅದೇ. 1024ಕ್ಕೆ ಇಳಿಸಿ. ಪಾರದರ್ಶಕ ಭಾಗವಿಲ್ಲದ ಬಟ್ಟೆಗೆ ಡಿಎಕ್ಸ್‌ಟಿ1 ಸಾಕು, ಒಂದೊಂದೂ ಮುಕ್ಕಾಲು ಎಂಬಿಯೊಳಗೇ ಬರುತ್ತದೆ. ಅಂಚು ಹಾಳಾಗುತ್ತದೆ ಎಂಬ ಚಿಂತೆ ಬೇಡ: ಯುವಿ (3ಡಿ ಬಟ್ಟೆಯನ್ನು ಚಿತ್ರದ ಮೇಲೆ ಚಪ್ಪಟೆಯಾಗಿ ಬಿಡಿಸಿದ ನಕ್ಷೆ) ಹರಡುವಾಗ ಅಂಚಿಗೂ ಸೆರಗಿಗೂ ಹೆಚ್ಚು ಜಾಗ ಕೊಡಿ, ಒಡಲಿನ ಸಾದಾ ಬಣ್ಣಕ್ಕೆ ಚೂರು ಸಾಕು. ಸೊಂಟ ಕಾಣುವ ಸೀರೆಯಾದ್ದರಿಂದ ಮಾಡೆಲ್ ಫೈಲಿನ ಹೆಸರಿನ ಕೊನೆಗೆ ಯು ಬದಲು ಆರ್ ಇರಲಿ, ಆಗಲೇ ಪಾತ್ರದ ಮೈಬಣ್ಣ ಹೊಂದುತ್ತದೆ.

ಉಡುಪು ಅದಲುಬದಲಾದದ್ದು ನಂಬರಿನಿಂದ. ಹೊಸ ಬಟ್ಟೆಗಳ ನಂಬರ್ ಆಟದ ಸ್ವಂತ ಬಟ್ಟೆಗಳು ಮುಗಿದ ಮೇಲೆ ಶುರುವಾಗುತ್ತದೆ. ಗೇಮ್ ಬಿಲ್ಡ್ (ಆಟದ ಆವೃತ್ತಿ) ಬದಲಿಸಿದರೆ, ಅಥವಾ ನಿಮ್ಮದಕ್ಕಿಂತ ಮೊದಲಿನ ಜಾಗಕ್ಕೆ ಇನ್ನೊಂದು ಪ್ಯಾಕ್ ಬಂದರೆ, ಎಲ್ಲವೂ ಸರಿಯುತ್ತವೆ. ಬಿಲ್ಡ್ ಒಂದನ್ನೇ ಇಟ್ಟುಕೊಳ್ಳಿ, ಹೊಸದನ್ನು ಪ್ಯಾಕಿನ ಕೊನೆಗೇ ಸೇರಿಸಿ. ಉಳಿಸುವಾಗ ಬರೀ ನಂಬರ್ ಬೇಡ, ಕಲೆಕ್ಷನ್ (ಬಟ್ಟೆ ಸೇರಿರುವ ಪ್ಯಾಕ್) ಹೆಸರು ಮತ್ತು ಅದರೊಳಗಿನ ನಂಬರ್ ಎರಡನ್ನೂ ಉಳಿಸಿ, ಫೈವ್‌ಎಂನಲ್ಲಿ ಅದಕ್ಕೆ ಪ್ರತ್ಯೇಕ ನೇಟಿವ್‌ಗಳಿವೆ (ಸ್ಕ್ರಿಪ್ಟ್‌ನಿಂದ ಕರೆಯುವ ಸಿದ್ಧ ಆದೇಶಗಳು).

ಇನ್ನೊಂದು ಮಾತು, ಶಲ್ಯವನ್ನು ಅಂಗಿಗೇ ಅಂಟಿಸಬೇಡಿ. ಅಂಗಿ 11ನೇ ಕಾಂಪೊನೆಂಟ್ (ಆಟದಲ್ಲಿ ಉಡುಪಿನ ಒಂದೊಂದು ಭಾಗಕ್ಕಿರುವ ಜಾಗ), ಪಂಚೆ 4, ಶಲ್ಯ 7ರಲ್ಲಿ ಬೇರೆಯಾಗಿರಲಿ. ಬೇಕಾದವರು ತೆಗೆದಿಡಬಹುದು. ಅಂಗಿಗೆ ಹೊಂದುವ ತೋಳನ್ನು 3ರಲ್ಲಿ ಆರಿಸದಿದ್ದರೆ ಭುಜದ ಹತ್ತಿರ ತೂತು ಕಾಣುತ್ತದೆ.

ಭಾನುವಾರ ಮುಂಬಯಿ ಲೋಕಲ್‌ನ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್ (ದುರಸ್ತಿಗಾಗಿ ರೈಲು ಸಂಚಾರಕ್ಕೆ ತಡೆ), ನಾನು ಠಾಣೆಯ ಮನೆಯಲ್ಲೇ ಇರುತ್ತೇನೆ. ಪಂಚೆಯ ಬ್ಲೆಂಡರ್ ಫೈಲ್ ಕಳಿಸಿ, ನಿರಿಗೆಯ ವೆಯ್ಟ್ ಒಟ್ಟಿಗೆ ಕೂತು ಸರಿ ಮಾಡೋಣ.